ಇತಿಹಾಸದಲ್ಲಿ ಈ ದಿನ: ಗಣಪತಿ, ಚಮಚ ಮತ್ತು ನಾಲ್ಕು ಬಕೆಟ್ ನೀರು

ಬೆಳಿಗ್ಗೆ ಕಾಫಿ ಜೊತೆ ಪೇಪರ್ ಹಿಡಿದರೆ ನಾನು ಮೊದಲು ಓದೋದು ಮುಖಪುಟ ಅಲ್ಲ. ರಾಶಿ ಭವಿಷ್ಯವೂ ಅಲ್ಲ (ಅದನ್ನು ಎರಡನೆಯದಾಗಿ ಓದ್ತೀನಿ, ಅದೂ ಮನೆಯಲ್ಲಿ ಯಾರೂ ನೋಡದಿದ್ದಾಗ). ಎಲ್ಲೋ ಒಂದು ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ 'ಇತಿಹಾಸದಲ್ಲಿ ಈ ದಿನ' ಅಂತ ಬರುತ್ತಲ್ಲ, ಅದನ್ನು ಓದದೆ ನನಗೆ ಬೆಳಗಾಗಲ್ಲ. ಪೇಪರಿನಲ್ಲಿ ಇಲ್ಲದಿದ್ದರೆ ನೆಟ್ಟಿನಲ್ಲಿ ಹುಡುಕಿಯಾದರೂ ಓದಬೇಕು. ಒಬ್ಬೊಬ್ಬರಿಗೆ ಒಂದೊಂದು ಚಟ, ಏನು ಮಾಡೋಕಾಗುತ್ತೆ.

ಇವತ್ತು ಸೆಪ್ಟೆಂಬರ್ 21. ಏನೇನಾಗಿದೆ ನೋಡೋಣ.

1792: ಫ್ರಾನ್ಸಿನಲ್ಲಿ ರಾಜಪ್ರಭುತ್ವವನ್ನು ರದ್ದು ಮಾಡಿದರು. ಭಲೇ! ಅವರಿಗೆ ರಾಜನನ್ನೇ ಇಳಿಸೋಕಾಯ್ತು. ನಮ್ಮ ಜೆಪಿ ನಗರದ ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್ ಅಧ್ಯಕ್ಷರನ್ನು ಇಳಿಸೋಕೆ ನಾಲ್ಕು ಜನರಲ್ ಬಾಡಿ ಮೀಟಿಂಗ್ ಆದರೂ ಆಗಿಲ್ಲ.

1937: 'ದಿ ಹಾಬಿಟ್' ಕಾದಂಬರಿ ಪ್ರಕಟವಾಯಿತು. ಒಬ್ಬ ಕುಳ್ಳ ಮನುಷ್ಯ ಬೆಚ್ಚಗಿನ ಮನೆ ಬಿಟ್ಟು ಹೊರಟು, ಸಿಗಬಾರದ ಕಷ್ಟಗಳಿಗೆಲ್ಲ ಸಿಕ್ಕಿಕೊಂಡು, ಕೊನೆಗೆ ಹೇಗೋ ವಾಪಸು ಮನೆ ಸೇರುವ ಕತೆ. ಸಾಯಂಕಾಲ ಆರು ಗಂಟೆಗೆ ಬಿಟಿಎಂ ಲೇಔಟಿನಿಂದ ಬನಶಂಕರಿಗೆ ಹೊರಡುವವರು ಇದನ್ನು ಓದಬೇಕಾಗಿಲ್ಲ, ದಿನಾ ಅನುಭವಿಸ್ತಾರೆ.

2003: ಗೆಲಿಲಿಯೋ ಅನ್ನೋ ಬಾಹ್ಯಾಕಾಶ ನೌಕೆಯನ್ನು ನಾಸಾದವರು ಬೇಕಂತಲೇ ಗುರು ಗ್ರಹದೊಳಕ್ಕೆ ಬೀಳಿಸಿದರು. 1989ರಲ್ಲಿ ಹಾರಿಸಿದ್ದು. ಇಂಧನ ಮುಗಿಯುತ್ತಾ ಬಂದಿತ್ತು. ಹಾಗೇ ಬಿಟ್ಟರೆ ಯುರೋಪಾ ಅನ್ನೋ ಉಪಗ್ರಹಕ್ಕೆ ಬಡಿದು, ನಮ್ಮ ಭೂಮಿಯ ಕ್ರಿಮಿಗಳನ್ನು ಅಲ್ಲಿ ಉದುರಿಸಿಬಿಟ್ಟರೆ ಅಂತ ಈ ಮುಂಜಾಗ್ರತೆ. ಅವತ್ತಿನಿಂದ ಯಾರ ಯಾರ ಜಾತಕದಲ್ಲಿ ಗುರುಬಲ ಕಮ್ಮಿ ಆಯ್ತೋ ಗೊತ್ತಿಲ್ಲ, ಲೆಕ್ಕ ಹಾಕಿ ನೋಡಿ :-)

ಇದರ ಜೊತೆಗೆ ಇವತ್ತು ವಿಶ್ವ ಶಾಂತಿ ದಿನ. ವಿಶ್ವಸಂಸ್ಥೆಯ ಘೋಷಣೆ. ಬನಶಂಕರಿ ಬಸ್ ಸ್ಟ್ಯಾಂಡ್ ಎದುರು ಒಂದೈದು ನಿಮಿಷ ನಿಂತು ಆ ಹಾರನ್ ಸಂಗೀತ ಕೇಳಿದರೆ, ಈ ಸುದ್ದಿ ನಮ್ಮ ಕಡೆಗೆ ಇನ್ನೂ ಬಂದಿಲ್ಲ ಅಂತ ಖಾತ್ರಿಯಾಗುತ್ತೆ.

ಇಷ್ಟೆಲ್ಲ ಸಿಕ್ಕಿತು. ಆದರೆ ನಾನು ಹುಡುಕುತ್ತಿದ್ದದ್ದು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಫ್ರಾನ್ಸಿನ ರಾಜನನ್ನು ಇಳಿಸಿದಾಗ ನಾನು ಅಲ್ಲಿರಲಿಲ್ಲ ಸ್ವಾಮೀ. ಆದರೆ ಇನ್ನೊಂದು ಸೆಪ್ಟೆಂಬರ್ 21ರಂದು ನಾನು ಸ್ಥಳದಲ್ಲೇ ಹಾಜರಿದ್ದೆ, ಕೈಯಲ್ಲಿ ಚಮಚ ಹಿಡಿದುಕೊಂಡು. ನಿಮ್ಮಲ್ಲೂ ಬಹಳ ಜನ ಇದ್ದಿರಿ, ಸುಮ್ಮನೆ ಮುಖ ಆ ಕಡೆ ತಿರುಗಿಸಬೇಡಿ.

1995ರ ಸೆಪ್ಟೆಂಬರ್ 21, ಗುರುವಾರ. ಗಣಪತಿ ಹಾಲು ಕುಡಿದ ದಿನ!

ನಾನಾಗ ಒಂಬತ್ತನೇ ಕ್ಲಾಸು. ನಮ್ಮ ಮನೆ ಜಯನಗರ ಒಂಬತ್ತನೇ ಬ್ಲಾಕಿನಲ್ಲಿ, ರಾಗಿಗುಡ್ಡದ ಆಂಜನೇಯನನ್ನು ಕೂಗಿ ಕರೆದರೆ ಕೇಳಿಸುವಷ್ಟು ದೂರ. ಸ್ಕೂಲಿನಿಂದ ಬಂದು ಬ್ಯಾಗು ಇಟ್ಟಿಲ್ಲ, ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಬೆಳ್ಳಿ ಚಮಚ, ಇನ್ನೊಂದು ಕೈಯಲ್ಲಿ ಹಾಲಿನ ಲೋಟ. "ಲೋ, ಕೈಕಾಲು ತೊಳ್ಕೊಂಡು ಬಾರೋ. ಗಣಪತಿ ಹಾಲು ಕುಡೀತಿದಾನಂತೆ. ಸಂಜೆ ಮೇಲೆ ಕುಡೀತಾನೋ ಇಲ್ವೋ!" ಮನೆಯಲ್ಲಿ ಇದ್ದದ್ದು ಅಷ್ಟೇ ಹಾಲು. ಅವತ್ತು ಸಾಯಂಕಾಲ ಅಪ್ಪನಿಗೆ ಕಾಫಿ ಇಲ್ಲ ಅನ್ನೋದು ಆ ಕ್ಷಣದಲ್ಲೇ ತೀರ್ಮಾನವಾಗಿತ್ತು.

ಗಣೇಶನ ಹಬ್ಬ ಮುಗಿದು ಮೂರು ವಾರ ಕಳೆದಿತ್ತು. ಕಡುಬು ಮೋದಕ ಎಲ್ಲ ತಿಂದು ನೀರಿಗಿಳಿದು ಹೋದವನು ಹೀಗೆ ಪಕ್ಷಮಾಸದ ಮಧ್ಯೆ ಬಂದು ಹಾಲು ಕೇಳೋದೇನು ಅಂತ ನನಗೆ ಆಗಲೇ ಒಂದು ಸಣ್ಣ ಅನುಮಾನ. ಕಾಗೆಗಳ ಸರದಿ ನಡೀತಿರುವಾಗ ಇಲಿಯ ಯಜಮಾನನಿಗೇನು ಅವಸರ? ಕೇಳಿದೆ. ಅಜ್ಜಿ ಚಮಚದಲ್ಲೇ ತಲೆಗೆ ಒಂದು ಕೊಟ್ಟರು.

ಈಗ ಯೋಚಿಸಿದರೆ ಆಶ್ಚರ್ಯ ಆಗೋದು ಹಾಲಿನ ಬಗ್ಗೆ ಅಲ್ಲ, ಸುದ್ದಿ ಓಡಿದ ಸ್ಪೀಡಿನ ಬಗ್ಗೆ. ಭಾರತದಲ್ಲಿ ಮೊಬೈಲ್ ಫೋನ್ ಶುರುವಾಗಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಇಂಟರ್‌ನೆಟ್ ಜನಸಾಮಾನ್ಯರಿಗೆ ಅಂತ ಬಿಟ್ಟು ಬರೀ ಐದು ವಾರ. ನಮ್ಮ ಇಡೀ ಬೀದಿಗೆ ಫೋನ್ ಇದ್ದದ್ದು ಮೂರು ಮನೆಯಲ್ಲಿ. ಆದರೂ ಬೆಳಗಿನ ಜಾವ ದೆಹಲಿಯ ಒಂದು ದೇವಸ್ಥಾನದಲ್ಲಿ ಶುರುವಾದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಜಯನಗರ ತಲುಪಿ, ರಾತ್ರಿಯೊಳಗೆ ಲಂಡನ್ನಿನ ಸೌತಾಲ್ ದೇವಸ್ಥಾನದಲ್ಲೂ ಕ್ಯೂ ನಿಲ್ಲಿಸಿತ್ತು. ದೆಹಲಿಯಲ್ಲಿ ಹಾಲಿನ ಮಾರಾಟ ಮೂವತ್ತು ಪರ್ಸೆಂಟಿಗೂ ಜಾಸ್ತಿ ಏರಿತಂತೆ. ಇವತ್ತಿನ ಯಾವ ಫೈವ್ ಜಿ ಇದಕ್ಕೆ ಸಮ, ಹೇಳಿ?

ನಮ್ಮ ಬೀದಿ ಕೊನೆಯ ಪುಟ್ಟ ಗುಡಿಯಲ್ಲಿ ಕ್ಯೂ ರಸ್ತೆಗೆ ಬಂದಿತ್ತು. ಸ್ಟೀಲ್ ಲೋಟ, ಹಾರ್ಲಿಕ್ಸ್ ಬಾಟಲು, ಮಗುವಿನ ಫೀಡಿಂಗ್ ಬಾಟಲು, ಒಬ್ಬರಂತೂ ನೇರವಾಗಿ ಹಾಲಿನ ಪ್ಯಾಕೆಟ್ಟನ್ನೇ ಮೂಲೆ ಕತ್ತರಿಸಿ ಹಿಡಿದು ನಿಂತಿದ್ದರು. ಮುಕ್ಕಾಲು ಗಂಟೆ ಆದ ಮೇಲೆ ನಮ್ಮ ಸರದಿ ಬಂತು. ಅಜ್ಜಿ ಚಮಚದ ತುಂಬಾ ಹಾಲು ಹಾಕಿ ಸೊಂಡಿಲಿಗೆ ತಾಗಿಸಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ, ನನ್ನ ಕಣ್ಣಾರೆ ನೋಡಿದ್ದು, ಚಮಚದಲ್ಲಿದ್ದ ಹಾಲು ಮೆಲ್ಲಗೆ ಕಮ್ಮಿಯಾಗುತ್ತಾ ಬಂತು. ಅಜ್ಜಿಯ ಕೈ ನಡುಗುತ್ತಿತ್ತು, ಕಣ್ಣಲ್ಲಿ ನೀರು. ನನಗೂ ಮೈ ಝುಂ ಅಂತು. ಸುಳ್ಳು ಯಾಕೆ ಹೇಳಲಿ.

ಆಚೆ ಬಂದು ಚಪ್ಪಲಿ ಹುಡುಕುತ್ತಿದ್ದೆ. ಗುಡಿಯ ಹಿಂದೆ ಅಭಿಷೇಕದ ನೀರು ಹೋಗುವ ಕಡೆ, ದಿನಾ ಗುಡಿ ಮುಂದೆ ಹೂವು ಮಾರುವ ಹೂವಿನಮ್ಮ ಕುಪ್ಪಸದ ತೋಳೇರಿಸಿ ಪೊರಕೆಯಲ್ಲಿ ನೆಲ ಉಜ್ಜುತ್ತಿದ್ದಳು. ಗುಡಿ ಗುಡಿಸಿ ತೊಳೆಯುವುದೂ ಅವಳದೇ ಕೆಲಸ. ನೆಲವೆಲ್ಲ ಬೆಳ್ಳಗೆ, ಹುಳಿ ವಾಸನೆ, ನೊಣ. "ಗಣಪತಿ ಕುಡಿದನಲ್ವಾ?" ಅಂತ ಕೇಳಿದೆ. ಅವಳು ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದ ಮಾತು ಇದು:

"ಕುಡಿದ್ನೋ ಬಿಟ್ಟನೋ ಆ ಸ್ವಾಮಿಗೇ ಗೊತ್ತು ಕಣಪ್ಪ. ನಾನಂತೂ ಮಧ್ಯಾನ್ನದಿಂದ ನಾಕು ಬಕೀಟು ನೀರು ಉಯ್ದಿವ್ನಿ. ಜಾರ್ತೈತೆ, ನೋಡ್ಕಂಡು ಓಗು."

ಇಡೀ ದಕ್ಷಿಣ ಬೆಂಗಳೂರು ಸೊಂಡಿಲು ನೋಡುತ್ತಿದ್ದಾಗ ಕೆಳಗೆ ನೋಡಿದವಳು ಅವಳೊಬ್ಬಳೇ. ಭಕ್ತಿ ಇಲ್ಲದವಳೇನಲ್ಲ, ದಿನಾ ಮೊದಲ ಮೊಳ ಹೂವು ಅವನಿಗೇ ಇಡುತ್ತಿದ್ದಳು. ಆದರೆ ನೆಲ ತೊಳೆಯೋ ಪಾಳಿ ಅವಳದಾದ್ದರಿಂದ ಹಾಲು ಎಲ್ಲಿಗೆ ಹೋಗ್ತಿದೆ ಅನ್ನೋ ವಿಷಯದಲ್ಲಿ ಅವಳಿಗೆ ಯಾವ ಗೊಂದಲವೂ ಇರಲಿಲ್ಲ.

ರಾತ್ರಿ ಕಾಫಿ ಇಲ್ಲದ ಕೋಪದಲ್ಲಿ ಅಪ್ಪ ಒಂದು ಪ್ರಯೋಗ ಮಾಡಿದರು. ಪಕ್ಕದ ಮನೆಯಿಂದ ಅರ್ಧ ಲೋಟ ಹಾಲು ಸಾಲ ತಂದು, ಒರಳಿನ ಗುಂಡುಕಲ್ಲನ್ನು ತೊಳೆದು, ಚಮಚ ತಾಗಿಸಿದರು. ಗುಂಡುಕಲ್ಲೂ ಕುಡಿಯಿತು! ದ್ರವದ ಮೇಲ್ಮೈಗೆ ಒಂದು ಎಳೆತ ಇರುತ್ತೆ, ಹಾಲು ಚಮಚದ ಅಂಚು ದಾಟಿ ಒದ್ದೆ ಕಲ್ಲಿಗೆ ಅಂಟಿಕೊಳ್ಳುತ್ತೆ, ಅಲ್ಲಿಂದ ತೆಳ್ಳಗೆ ಪೊರೆಯ ಹಾಗೆ ಕೆಳಗೆ ಇಳಿದುಹೋಗುತ್ತೆ, ಮೊದಲೇ ಒದ್ದೆಯಾದ ಕಲ್ಲಿನ ಮೇಲೆ ಅದು ಕಣ್ಣಿಗೆ ಕಾಣಲ್ಲ ಅಂತ ವಿವರಿಸಿದರು. ದೆಹಲಿಯಲ್ಲಿ ಸರ್ಕಾರದ ವಿಜ್ಞಾನಿಗಳೂ ಹಾಲಿಗೆ ಬಣ್ಣ ಬೆರೆಸಿ ಇದನ್ನೇ ತೋರಿಸಿದ್ದರು. ಬಣ್ಣ ವಿಗ್ರಹದ ಮೈಮೇಲೆ ಇಳಿದದ್ದು ಕಂಡಿತ್ತು.

ಅಜ್ಜಿ ಎಲ್ಲಾ ಸಾವಧಾನವಾಗಿ ಕೇಳಿ, "ಕಂಬದಲ್ಲಿ ಇದ್ದವನು ಗುಂಡುಕಲ್ಲಲ್ಲಿ ಇರಲ್ವೇನೋ?" ಅಂತ ಹೇಳಿ ಮಲಗೋಕೆ ಹೋದರು. ಅಪ್ಪ ಕ್ಲೀನ್ ಬೌಲ್ಡ್.

ಅಪ್ಪ ಓದಿದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ, ಎಚ್ಚೆನ್ ಮೇಷ್ಟ್ರ ಕಾಲದಲ್ಲಿ. ಗಾಂಧಿ ಟೋಪಿ, ಖಾದಿ ಜುಬ್ಬದ ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ಕಡೆಯಿಂದ ಓದೋಕೆ ಅಂತ ಬೆಂಗಳೂರಿಗೆ ನಡೆದೇ ಬಂದವರು, ಅಮೆರಿಕದ ಓಹಾಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದು ಮತ್ತೆ ಅದೇ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಇದ್ದವರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷೆ ಮಾಡೋಕೆ ಅಂತ ಒಂದು ಸಮಿತಿಯನ್ನೇ ಮಾಡಿ, ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ದೇಶಕ್ಕೆಲ್ಲ ಸುದ್ದಿಯಾಯಿತು. ಅವರೇ 1962ರಲ್ಲಿ ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ವಾರವಾರವೂ ಬುಧವಾರ ಸಂಜೆ ಉಪನ್ಯಾಸ. ಗಣಪತಿ ಪಂಚಾಂಗ ನೋಡಿಯೇ ಗುರುವಾರ ಆರಿಸಿಕೊಂಡಿರಬೇಕು, ಮುಂದಿನ ಬುಧವಾರದ ತನಕ ತೊಂದರೆಯಿಲ್ಲ ಅಂತ :-)

ಎಚ್ಚೆನ್ 2005ರ ಜನವರಿ 31ರಂದು ಹೋದರು. ಅದಾದ ಮರುವರ್ಷವೇ, 2006ರ ಆಗಸ್ಟಿನಲ್ಲಿ, ಮುಂಬಯಿಯ ಮಾಹಿಮ್ ಹತ್ತಿರ ಸಮುದ್ರದ ನೀರು ಸಿಹಿಯಾಗಿದೆ ಅಂತ ಜನ ಬಾಟಲುಗಟ್ಟಲೆ ಕುಡಿದರು. ಅದರ ಬೆನ್ನಿಗೇ ಗಣಪತಿಗೆ ಇನ್ನೊಂದು ಸಲ ಬಾಯಾರಿಕೆಯಾಯಿತು. ಮೇಷ್ಟ್ರು ಆ ಕಡೆ ಹೋದದ್ದು ಗೊತ್ತಾಗಿ ಕ್ಲಾಸು ಗಲಾಟೆ ಶುರುಮಾಡಿದ ಹಾಗೆ.

ಪೇಪರಿನ ಪಟ್ಟಿಯಲ್ಲಿ ಇಂಥವು ಬರಲ್ಲ ಅಂತ ನಾನೇ ಒಂದು ಕ್ಯಾಲೆಂಡರ್ ಇಟ್ಟುಕೊಂಡಿದೀನಿ. 'ಎಲ್ಲರೂ ಒಟ್ಟಿಗೆ ನಂಬಿದ ದಿನಗಳು' ಅಂತ. ಒಂದೆರಡು ಕೇಳಿ.

1979ರ ಜುಲೈ 11, ಸ್ಕೈಲ್ಯಾಬ್ ಬಿದ್ದ ದಿನ. ಸುಮಾರು 77 ಟನ್ನಿನ ಅಮೆರಿಕದ ಬಾಹ್ಯಾಕಾಶ ಕೇಂದ್ರ ಎಲ್ಲಿ ಬೀಳುತ್ತೋ ಅಂತ ಊರೂರಿಗೆ ದಿಗಿಲು. ಹೇಗಿದ್ದರೂ ಸಾಯೋದು ಅಂತ ನಮ್ಮ ಕಡೆ ಹಳ್ಳಿಗಳಲ್ಲಿ ಕೋಳಿ ಕುರಿ ಎಲ್ಲ ಕುಯ್ದು ತಿಂದರಂತೆ, ಅಪ್ಪ ಹೇಳೋರು. ಅದು ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ ಚೂರುಚೂರಾಗಿ ಬಿತ್ತು. ಅಲ್ಲಿನ ಎಸ್ಪೆರೆನ್ಸ್ ಅನ್ನೋ ಊರಿನ ಪಂಚಾಯ್ತಿಯವರು ಕಸ ಹಾಕಿದ್ದಕ್ಕೆ ಅಂತ ನಾಸಾಗೆ 400 ಡಾಲರ್ ದಂಡ ಹಾಕಿದರು! ನಮ್ಮ ಖಾಲಿ ಸೈಟುಗಳ ಮುಂದೆ 'ಇಲ್ಲಿ ಕಸ ಹಾಕಬಾರದು' ಬೋರ್ಡಿನ ಕೆಳಗೇ ಕಸ ಹಾಕುವವರಿಗೆ ಇದು ಗೊತ್ತಿರಲಿ.

ತೊಂಬತ್ತರ ದಶಕದ 'ನಾಳೆ ಬಾ' ಅಂತೂ ನಿಮಗೆಲ್ಲ ನೆನಪಿರಲೇಬೇಕು. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬಂದು ಮನೆಯವರದೇ ದನಿಯಲ್ಲಿ ಕೂಗುತ್ತೆ, ಬಾಗಿಲು ತೆಗೆದರೆ ಮುಗೀತು. ಅದಕ್ಕೆ ಪರಿಹಾರ ಗೋಡೆ ಮೇಲೆ 'ನಾಳೆ ಬಾ' ಅಂತ ಬರೆಯೋದು. ದೆವ್ವ ಓದಿ, ಸರಿ ಅಂತ ವಾಪಸು ಹೋಗಿ, ಮರುದಿನ ಬಂದು ಮತ್ತೆ ಓದೋದು. ಬೆಂಗಳೂರಿನಲ್ಲಿ ಕನ್ನಡ ಬೋರ್ಡು ಅಷ್ಟು ಶ್ರದ್ಧೆಯಿಂದ ಓದಿದವರು ಆಮೇಲೆ ಯಾರೂ ಬರಲಿಲ್ಲ. ಮಾತಿಗೆ ಮರ್ಯಾದೆ ಕೊಡುವ ಗುಣ ನೋಡಿದರೆ ಯಾವುದೋ ಸರ್ಕಾರಿ ಆಫೀಸಿಗೆ ಅಲೆದು ಅಲೆದು ಸತ್ತ ಜೀವ ಇರಬೇಕು ಪಾಪ. 'ನಾಳೆ ಬಾ' ಅಂದ ತಕ್ಷಣ ಅಭ್ಯಾಸಬಲದಿಂದ ಹೊರಟುಬಿಡೋದು.

ಇಲ್ಲಿವರೆಗೆ ನಗು. ನನ್ನ ಕ್ಯಾಲೆಂಡರಿನಲ್ಲಿ ನಗೋಕಾಗದ ಎರಡು ದಿನಗಳೂ ಇವೆ.

2012ರ ಆಗಸ್ಟ್ 15. ನಾನಾಗ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದೆ. ನಮ್ಮ ಬಿಲ್ಡಿಂಗಿನ ಸೆಕ್ಯುರಿಟಿ ಹುಡುಗ ಅಸ್ಸಾಮಿನವನು, ಇಪ್ಪತ್ತೆರಡೋ ಇಪ್ಪತ್ತಮೂರೋ. ಬೆಳಿಗ್ಗೆ ಬಾವುಟ ಹಾರಿಸಿದಾಗ ಎಲ್ಲರಿಗೂ ಲಾಡು ಹಂಚಿದ್ದು ಅವನೇ. ಸಾಯಂಕಾಲ ಹಾಲು ತರೋಕೆ ಇಳಿದಾಗ ಮೊಬೈಲ್ ಮುಂದೆ ಹಿಡಿದು ಕೇಳಿದ: "ಸಾರ್, ಇದು ನಿಜಾನಾ?" ಈಶಾನ್ಯ ರಾಜ್ಯದವರ ಮೇಲೆ ಹಬ್ಬ ಮುಗಿದ ಮೇಲೆ ದಾಳಿ ಮಾಡ್ತಾರೆ ಅನ್ನೋ ಮೆಸೇಜು. ನನಗೂ ಬಂದಿತ್ತು, ಸ್ನೇಹಿತನ ಸ್ನೇಹಿತನಿಂದ. ಯಾರು ಬರೆದದ್ದು, ಎಲ್ಲಿ ಏನಾಗಿದೆ, ನಾನು ವಿಚಾರಿಸಿರಲಿಲ್ಲ. ನಾನು ಹೇಳಿದ್ದು ಇಷ್ಟೇ: "ನಂಗೂ ಬಂದಿದೆ ಕಣೋ. ಹುಷಾರಾಗಿರು."

ನನ್ನ ಲೆಕ್ಕದಲ್ಲಿ ಅದು ಕಾಳಜಿ. ಅವನ ಕಿವಿಗೆ ಅದು ಖಾತ್ರಿ. ಊರಿನವನೇ ನಂಗೂ ಬಂದಿದೆ ಅಂದ ಮೇಲೆ ಇನ್ನೇನು ಸಾಕ್ಷಿ ಬೇಕು? ಹದಿನಾರನೇ ತಾರೀಕು ಬೆಳಿಗ್ಗೆ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಖಾಲಿ ಇತ್ತು, ಟೋಪಿ ಅದರ ಮೇಲೆ. ಸಿಟಿ ರೈಲ್ವೆ ಸ್ಟೇಷನ್ನಿನಲ್ಲಿ ಗುವಾಹಟಿ ರೈಲಿಗೆ ಸಾವಿರಾರು ಜನ, ಸ್ಪೆಷಲ್ ರೈಲು ಬಿಡಬೇಕಾಯಿತು. ಆಗ ಗೃಹ ಸಚಿವರಾಗಿದ್ದ ಆರ್. ಅಶೋಕ್ ಸ್ವತಃ ಸ್ಟೇಷನ್ನಿಗೆ ಹೋಗಿ ಹೋಗಬೇಡಿ ಅಂತ ಕೇಳಿಕೊಂಡರು. ಕೇಂದ್ರ ಸರ್ಕಾರ ಹದಿನೈದು ದಿನ ಒಟ್ಟೊಟ್ಟಿಗೆ ಎಸ್ಸೆಮ್ಮೆಸ್ ಕಳಿಸೋದಕ್ಕೆ ತಡೆ ಹಾಕಿ, ಮೊದಲಿಗೆ ದಿನಕ್ಕೆ ಐದು ಅಂತ ಮಿತಿ ಮಾಡಿತು. ಮೆಸೇಜಿನಲ್ಲಿ ಹೇಳಿದ ದಾಳಿ ಬರಲಿಲ್ಲ. ಆ ಹುಡುಗನೂ ಮತ್ತೆ ಬರಲಿಲ್ಲ.

2018ರ ಮೇ 23. ಮಕ್ಕಳ ಕಳ್ಳರು ಊರೊಳಗೆ ಬಂದಿದ್ದಾರೆ ಅಂತ ವಾಟ್ಸಾಪಿನಲ್ಲಿ ಸುದ್ದಿ ಹರಿದಾಡುತ್ತಿತ್ತು. ಚಾಮರಾಜಪೇಟೆ ಕಡೆ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಇಪ್ಪತ್ತಾರು ವರ್ಷದ ಒಬ್ಬನನ್ನು ಜನ ಸೇರಿ ಹೊಡೆದು ಕೊಂದೇಬಿಟ್ಟರು. ನ್ಯಾಷನಲ್ ಕಾಲೇಜಿನಿಂದ ಎಷ್ಟು ದೂರ ಆ ಜಾಗ? ನಡೆದೇ ಹೋಗಬಹುದು. ಆ ಜುಲೈನಲ್ಲಿ ವಾಟ್ಸಾಪಿನವರು ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದೇ ಕಡೆಗೆ ಕಳಿಸಬಹುದು ಅಂತ ಮಿತಿ ತಂದರು. ಮತ್ತೆ ಐದು. ನಮ್ಮ ಬಾಯಿಗೆ ಬೀಗ ಹಾಕೋಕೆ ಎಲ್ಲರಿಗೂ ಅದೇ ಸಂಖ್ಯೆ ಹೊಳೆಯುತ್ತೆ ಅಂತ ಕಾಣುತ್ತೆ.

ಹಾಲಿಗೂ ಇದಕ್ಕೂ ಏನು ಸಂಬಂಧ, ಒಂದು ಭಕ್ತಿ, ಇನ್ನೊಂದು ಕೊಲೆ ಅಂತ ನೀವು ಕೇಳಬಹುದು. ಅಜ್ಜಿಯ ಭಕ್ತಿ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆಕೆಗೆ ಗುಂಡುಕಲ್ಲಿನಲ್ಲೂ ದೇವರು ಇದ್ದ. ಹಾಲು ಕುಡಿಯದಿದ್ದರೂ ಇರುತ್ತಿದ್ದ. ನನ್ನ ತಕರಾರು ಇರೋದು ಒಂಬತ್ತನೇ ಕ್ಲಾಸಿನ ಆ ಹುಡುಗನ ಮೇಲೆ.

ಇಲ್ಲಿವರೆಗೆ ಹೇಳದೇ ಇದ್ದದ್ದು ಒಂದಿದೆ. ಶುಕ್ರವಾರ ಸ್ಕೂಲಿಗೆ ಹೋದಾಗ ಎಲ್ಲರೂ ಹಾಲಿನದೇ ಮಾತು. ನಾನು ನಾಲ್ಕು ಬಕೆಟ್ ನೀರಿನ ಮಾತು ಕೇಳಿದ್ದೆ, ಬೆಳ್ಳಗಿನ ನೆಲ ನೋಡಿದ್ದೆ, ಗುಂಡುಕಲ್ಲು ಕುಡಿದದ್ದೂ ನೋಡಿದ್ದೆ. ಆದರೂ ಹೇಳಿದ್ದೇನು ಗೊತ್ತೆ? "ನಾನು ಹತ್ತಿರದಿಂದ ನೋಡಿದೆ ಕಣ್ರೋ. ಗಟಗಟ ಅಂತ ಸದ್ದು ಕೂಡ ಕೇಳಿಸ್ತು!" ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ಕೇಳಿತು. ಊಟದ ಹೊತ್ತಿಗೆ ಆ 'ಗಟಗಟ' ಎಂಟನೇ ಕ್ಲಾಸಿಗೂ ಹೋಗಿತ್ತು. ಸಾಯಂಕಾಲ ಸೈಕಲ್ ಸ್ಟ್ಯಾಂಡಿನಲ್ಲಿ ಯಾರೋ ನನಗೇ ಬಂದು ಹೇಳಿದರು, ತೇಗಿದ್ದೂ ಕೇಳಿಸಿತಂತೆ ಅಂತ.

ಅಜ್ಜಿ ನಂಬಿ ಹೇಳಿದರು. ನಾನು ಗೊತ್ತಿದ್ದೂ ಸೇರಿಸಿ ಹೇಳಿದೆ. 2012ರಲ್ಲಿ ಗೊತ್ತಿಲ್ಲದೆ ತಲೆಯಾಡಿಸಿದೆ. ಮೂರರಲ್ಲಿ ಅಜ್ಜಿಯದು ಯಾರಿಗೂ ತೊಂದರೆ ಮಾಡಲಿಲ್ಲ, ಅಪ್ಪನ ಕಾಫಿ ಒಂದು ಬಿಟ್ಟು. ವಿಚಿತ್ರ ಸುದ್ದಿ ಕೇಳಿ ನಗೋದು, ಹೇಳಿ ನಗಿಸೋದು ತಪ್ಪಲ್ಲ, ನಾನೂ ಬಿಡಲ್ಲ. ಆದರೆ ಆ ಸುದ್ದಿಯೊಳಗೆ ದೇವರ ಜಾಗದಲ್ಲಿ ಮನುಷ್ಯ ಬಂದ ತಕ್ಷಣ 'ನಂಗೂ ಬಂದಿದೆ' ಅನ್ನೋ ಮಾತು ಸಾಕ್ಷಿಯಲ್ಲ, ಅದು ಇನ್ನೊಂದು ಚಮಚ ಹಾಲು ಅಷ್ಟೆ. ಅದು ಎಲ್ಲಿಗೆ ಹೋಗುತ್ತೆ ಅಂತ ಕೆಳಗೆ ನೋಡಬೇಕಾದವರು ನಾವೇ. ಎಲ್ಲದಕ್ಕೂ ಎಚ್ಚೆನ್ ಮೇಷ್ಟ್ರಂಥವರು ಸಮಿತಿ ಮಾಡಿಕೊಂಡು ಬರಲಿ ಅಂದರೆ ಹೇಗೆ? ಹೂವಿನಮ್ಮನಿಗೆ ಯಾವ ಡಾಕ್ಟರೇಟ್ ಇತ್ತು?

ಇವತ್ತು ಬೆಳಿಗ್ಗೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಒಂದು ಮೆಸೇಜ್ ಹಾಕಿದಾರೆ. ನಮ್ಮ ರಾಷ್ಟ್ರಗೀತೆಯನ್ನು ಪ್ರಪಂಚದಲ್ಲೇ ಅತ್ಯುತ್ತಮ ಅಂತ ಯುನೆಸ್ಕೋದವರು 'ಈಗಷ್ಟೇ' ಘೋಷಿಸಿದಾರಂತೆ. ಈ ಈಗಷ್ಟೇ ಶುರುವಾಗಿ ಎಷ್ಟೋ ವರ್ಷ ಆಯ್ತು, ಯುನೆಸ್ಕೋದವರು ಅಂಥದ್ದೇನೂ ಹೇಳಿಯೇ ಇಲ್ಲ. ಇದರಿಂದ ಯಾರಿಗೂ ಅಪಾಯ ಇಲ್ಲ, ನಗಬಹುದಾದದ್ದೇ. ಆದರೂ ಅಭ್ಯಾಸ ಇರಲಿ ಅಂತ ಬರೆದೆ:

"ಚಿಕ್ಕಪ್ಪ, ನೆಲಕ್ಕೆ ಎಷ್ಟು ಬಕೆಟ್ ನೀರು ಹಾಕಿದ್ರಂತೆ?"

ಅವರಿಗೆ ಅರ್ಥವಾಗಿಲ್ಲ. ಒಂದು ನಮಸ್ಕಾರದ ಚಿತ್ರ ಕಳಿಸಿ 'ಶುಭೋದಯ' ಅಂದಿದಾರೆ. ಇರಲಿ, ನಾಳೆಯೂ ಕೇಳ್ತೀನಿ.

ಅಂದ ಹಾಗೆ, 1995ರ ಆ ಗುರುವಾರ ನೀವೆಲ್ಲಿದ್ದಿರಿ? ನಿಮ್ಮೂರಿನ ಗಣಪತಿ ಎಷ್ಟು ಚಮಚ ಕುಡಿದ? ನಿಜ ಹೇಳಿ, ಗಟಗಟ ಸದ್ದನ್ನು ಸೇರಿಸದೆ!